ಏಂಜಲ್ ಫ್ಲೈಟ್ ವೆಸ್ಟ್: ಪುಟ್ಟ ವಿಮಾನದಲ್ಲಿ ಆಸ್ಪತ್ರೆಗೆ, ದುಡ್ಡಿಲ್ಲದೆ

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಯುರೇಕಾ ಊರಿನಿಂದ ಸ್ಟ್ಯಾನ್‌ಫರ್ಡ್ ಆಸ್ಪತ್ರೆಗೆ ಕಾರಿನಲ್ಲಿ ಹೊರಟರೆ 101ನೇ ಹೆದ್ದಾರಿಯ ತಿರುವುಗಳಲ್ಲೇ ಐದೂವರೆ, ಆರು ಗಂಟೆ ಕಳೆಯುತ್ತದೆ. ಕೀಮೋ ಹಾಕಿಸಿಕೊಂಡವರು ಅದೇ ದಾರಿಯಲ್ಲಿ ವಾಪಸು ಬರಬೇಕು, ಅದೂ ಎರಡು ಮೂರು ವಾರಕ್ಕೊಮ್ಮೆ. ನಾಲ್ಕು ಸೀಟಿನ ಸೆಸ್ನಾ 182 ವಿಮಾನ ಈ ದೂರವನ್ನು ಒಂದೂಮುಕ್ಕಾಲು ಗಂಟೆಯಲ್ಲಿ ದಾಟಿ, ಆಸ್ಪತ್ರೆಗೆ ಹತ್ತಿರದ ಪಾಲೊ ಆಲ್ಟೊ ಏರ್‌ಪೋರ್ಟ್‌ನಲ್ಲಿ ಇಳಿಯುತ್ತದೆ. ಸೆಕ್ಯೂರಿಟಿ ಸಾಲು ಇಲ್ಲ. ರೋಗನಿರೋಧಕ ಶಕ್ತಿ ಕುಂದಿದವರು ನೂರಾರು ಜನರ ಕೆಮ್ಮು, ಸೀನುಗಳ ನಡುವೆ ಕೂರಬೇಕಾಗಿಲ್ಲ. ಇದಕ್ಕೆ ರೋಗಿಯಿಂದ ಒಂದು ಡಾಲರನ್ನೂ ತೆಗೆದುಕೊಳ್ಳದ ಸಂಸ್ಥೆ ಏಂಜಲ್ ಫ್ಲೈಟ್ ವೆಸ್ಟ್.

1983ರಲ್ಲಿ ಶುರುವಾದ, ಸಾಂಟಾ ಮೋನಿಕಾ ಮೂಲದ ಈ ಸಂಸ್ಥೆಯ ಬಳಿ ವಿಮಾನಗಳ ದಂಡೇನೂ ಇಲ್ಲ. ವಿಮಾನ ಪೈಲಟ್‌ನದು ಅಥವಾ ಅವರು ಬಾಡಿಗೆಗೆ ತಂದದ್ದು. ಇಂಧನದ ಖರ್ಚು ಅವರದೇ, ಸಮಯವೂ ಅವರದೇ. ಸಂಸ್ಥೆ ಮಾಡುವುದು ಜೋಡಿಸುವ ಕೆಲಸ: ರೋಗಿಯ ಅರ್ಜಿ ಪರಿಶೀಲಿಸುವುದು, ವೈದ್ಯರ ಒಪ್ಪಿಗೆ ತರಿಸುವುದು, ಆ ಪ್ರಯಾಣವನ್ನು ಪೈಲಟ್‌ಗಳ ಮುಂದಿಡುವುದು. ಪಶ್ಚಿಮದ ರಾಜ್ಯಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ, ಅಲಾಸ್ಕಾ ಮತ್ತು ಹವಾಯಿ ಕೂಡ. ದೇಶದ ಬೇರೆ ಭಾಗಗಳಲ್ಲಿ ಇಂಥವೇ ಬೇರೆ ಸಂಸ್ಥೆಗಳಿವೆ. 1990ರಲ್ಲಿ ಹುಟ್ಟಿದ ಏರ್ ಕೇರ್ ಅಲಯನ್ಸ್ ಎಂಬ ಒಕ್ಕೂಟ ಇವುಗಳನ್ನು ಒಂದು ಕೊಡೆಯಡಿ ತಂದಿದೆ.

ಮೊದಲೇ ತೀರ್ಪು ಹೇಳಿಬಿಡುವುದು ಒಳ್ಳೆಯದು. ಎದ್ದು ಕೂರಬಲ್ಲ, ಸ್ಥಿತಿ ಸ್ಥಿರವಾಗಿರುವ, ದೊಡ್ಡ ಆಸ್ಪತ್ರೆಯಿಂದ ದೂರದ ಸಣ್ಣ ಊರಿನಲ್ಲಿರುವ ರೋಗಿಗೆ ಇದರಷ್ಟು ಉಪಕಾರಿಯಾದ ಸೇವೆ ಇನ್ನೊಂದಿಲ್ಲ. ಆದರೆ ಇದನ್ನು ವೇಳಾಪಟ್ಟಿಯ ವಿಮಾನ ಎಂದುಕೊಂಡವರು ಬೇಸರಪಡುತ್ತಾರೆ, ಆಂಬುಲೆನ್ಸ್ ಎಂದುಕೊಂಡವರು ಅಪಾಯಕ್ಕೆ ಸಿಕ್ಕುತ್ತಾರೆ. ಹವಾಮಾನ ಕೆಟ್ಟರೆ ಪೈಲಟ್ "ಇವತ್ತು ಆಗುವುದಿಲ್ಲ" ಎನ್ನುತ್ತಾರೆ. ಆ ಮಾತಿಗೆ ಸಿದ್ಧರಾಗಿ ಬಂದವರಿಗೆ ಮಾತ್ರ ಈ ಸೇವೆ ಪೂರ್ತಿ ದಕ್ಕುತ್ತದೆ.

ಯಾರಿಗೆ ಸಿಗುತ್ತದೆ ಎನ್ನುವುದು ಸರಳ. ರೋಗಿ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂರಬಲ್ಲವರಾಗಿರಬೇಕು, ಹೆಚ್ಚಿನ ಆಸರೆಯಿಲ್ಲದೆ ಹತ್ತಿ ಇಳಿಯಬಲ್ಲವರಾಗಿರಬೇಕು. ವಿಮಾನದಲ್ಲಿ ಸ್ಟ್ರೆಚರ್ ಇಲ್ಲ, ನರ್ಸ್ ಇಲ್ಲ, ಔಷಧಿ ಕೊಡುವವರಿಲ್ಲ. ದಾರಿಯಲ್ಲಿ ಡ್ರಿಪ್ ಬೇಕಾಗುವವರಿಗೆ ಇದು ಹೊಂದುವುದಿಲ್ಲ. ಹಣದ ಅಡಚಣೆಯೋ, ಬೇರೆ ರೀತಿಯಲ್ಲಿ ಪ್ರಯಾಣ ಮಾಡಲಾಗದ ಕಾರಣವೋ ಇರಬೇಕು. ಅರ್ಜಿಯನ್ನು ರೋಗಿಯೇ ಹಾಕಬಹುದು, ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೂಲಕವೂ ಹಾಕಿಸಬಹುದು. ಎರಡನೆಯದು ಸುಲಭ, ಏಕೆಂದರೆ ವೈದ್ಯರ ಸಹಿ, ಅಪಾಯಿಂಟ್‌ಮೆಂಟಿನ ದಿನಾಂಕ, ಆಸ್ಪತ್ರೆಯ ವಿಳಾಸ ಎಲ್ಲವೂ ಅವರ ಕೈಯಲ್ಲೇ ಇರುತ್ತವೆ. ಜೊತೆಗೆ ಹೊಣೆಗಾರಿಕೆ ಬಿಟ್ಟುಕೊಡುವ ಪತ್ರಕ್ಕೆ ರೋಗಿಯೂ ಜೊತೆಗಾರರೂ ಸಹಿ ಹಾಕಬೇಕು. ಎಷ್ಟೋ ಅರ್ಜಿಗಳು ನಿಲ್ಲುವುದು ಇಲ್ಲಿಯೇ: ವೈದ್ಯರ ಪತ್ರ ಬರುತ್ತದೆ, ಜೊತೆಗಾರರ ಸಹಿ ಉಳಿದುಹೋಗುತ್ತದೆ. ಅಪಾಯಿಂಟ್‌ಮೆಂಟ್ ಗೊತ್ತಾದ ದಿನವೇ ಅರ್ಜಿ ಹಾಕಿ. ಎರಡು ವಾರ ಕೈಯಲ್ಲಿದ್ದರೆ ಪೈಲಟ್ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ. ವಾರದ ನಡುವಿನ ದಿನಗಳಿಗಿಂತ ಶುಕ್ರವಾರ ಮತ್ತು ಸೋಮವಾರ ಸುಲಭ. ಈ ಪೈಲಟ್‌ಗಳಲ್ಲಿ ಹೆಚ್ಚಿನವರು ಬೇರೆ ಉದ್ಯೋಗ ಮಾಡುವವರು, ವಾರಾಂತ್ಯಕ್ಕೆ ಒಂದು ದಿನ ಅಂಟಿಸಿ ರಜೆ ಹಾಕುವುದು ಅವರಿಗೆ ಅನುಕೂಲ.

ದೂರ ಹೆಚ್ಚಿದ್ದರೆ ಒಬ್ಬ ಪೈಲಟ್ ಸಾಲುವುದಿಲ್ಲ. ಸಣ್ಣ ವಿಮಾನಕ್ಕೆ ಒಂದು ಹಂತ ಎಂದರೆ ಸುಮಾರು 300 ನಾಟಿಕಲ್ ಮೈಲಿ, ಅಂದರೆ 550 ಕಿ.ಮೀ. ಅದಕ್ಕಿಂತ ಮುಂದೆ ಹೋಗಬೇಕಾದರೆ ನಡುವಿನ ಒಂದು ಏರ್‌ಪೋರ್ಟ್‌ನಲ್ಲಿ ರೋಗಿ ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುತ್ತಾರೆ. ಕಾಗದದ ಮೇಲೆ ಚೆಂದ ಕಾಣುವ ಈ ಏರ್ಪಾಡಿನ ತೊಡಕು ಏನೆಂದರೆ, ಮೊದಲ ಹಂತ ಮುಗಿದು ಎರಡನೆಯದು ರದ್ದಾದರೆ ರೋಗಿ ಗೊತ್ತಿಲ್ಲದ ಊರಿನಲ್ಲಿ ಉಳಿಯುತ್ತಾರೆ. ಆದ್ದರಿಂದ ಸಂಸ್ಥೆಯ ಕೋಆರ್ಡಿನೇಟರ್‌ಗೆ ಕೇಳಲೇಬೇಕಾದ ಪ್ರಶ್ನೆ: ಎರಡನೇ ಪೈಲಟ್ ಹೊರಟಿದ್ದು ಖಚಿತವಾಗುವ ಮುಂಚೆ ಮೊದಲನೆಯವರು ನಮ್ಮನ್ನು ಕರೆದುಕೊಂಡು ಹೊರಡುತ್ತಾರೋ? ಉತ್ತರ "ಇಲ್ಲ" ಎಂದಿದ್ದರೆ ನೆಮ್ಮದಿ. ತೀರ ದೂರದ ಪ್ರಯಾಣಗಳಿಗೆ ಅಲಾಸ್ಕಾ ಏರ್‌ಲೈನ್ಸ್‌ನ ಟಿಕೆಟ್ ಒದಗಿಸುವ ಏರ್ಪಾಡೂ ಈ ಸಂಸ್ಥೆಗಿದೆ. ಮೂರು ಹಂತ ಜೋಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಸಾಧ್ಯವೇ ಎಂದು ಕೇಳಲು ಹಿಂಜರಿಯಬೇಡಿ.

ಇನ್ನು ತೂಕ. ಅರ್ಜಿಯಲ್ಲಿ ಕೇಳುವ ಎಲ್ಲ ಪ್ರಶ್ನೆಗಳಲ್ಲಿ ಜನ ತಪ್ಪು ಉತ್ತರ ಕೊಡುವುದು ಇದಕ್ಕೇ. ನಾಚಿಕೆಯಿಂದ ಐದಾರು ಕಿಲೋ ಇಳಿಸಿ ಬರೆಯುತ್ತಾರೆ, ಜೊತೆಗಾರರೂ ಹಾಗೆಯೇ ಮಾಡುತ್ತಾರೆ, ಬ್ಯಾಗಿನ ತೂಕ ಅಂದಾಜಿನದು. ಸೆಸ್ನಾ 182ರ ಲೆಕ್ಕ ನೋಡಿ. ಜನ, ಸಾಮಾನು, ಇಂಧನ ಎಲ್ಲ ಸೇರಿ ಅದು ಹೊರಬಲ್ಲದ್ದು ಸುಮಾರು 1,100 ಪೌಂಡ್, ಅಂದರೆ 499 ಕೆ.ಜಿ. ಟ್ಯಾಂಕ್ ತುಂಬಿಸಿದರೆ 87 ಗ್ಯಾಲನ್. ವಿಮಾನದ ಪೆಟ್ರೋಲ್ ಗ್ಯಾಲನ್‌ಗೆ 6 ಪೌಂಡ್ ತೂಗುವುದರಿಂದ ಇಂಧನವೇ 522 ಪೌಂಡ್, 237 ಕೆ.ಜಿ. ಉಳಿಯುವುದು 262 ಕೆ.ಜಿ. ಪೈಲಟ್ 85, ರೋಗಿ 70, ಜೊತೆಗಾರರು 65 ಎಂದರೆ 220 ಆಯಿತು. ಸಾಮಾನಿಗೆ ಉಳಿದದ್ದು ಬರೀ 42 ಕೆ.ಜಿ. ಮಡಚುವ ಗಾಲಿಕುರ್ಚಿ ಒಂದೇ 15ರಿಂದ 18 ಕೆ.ಜಿ. ಇರಬಹುದು.

ತೂಕ ಮೀರಿದರೆ ಪೈಲಟ್‌ಗೆ ಇರುವ ದಾರಿ ಇಂಧನ ಕಡಿಮೆ ಮಾಡುವುದು. ಎರಡು ಗಂಟೆ ಹತ್ತು ನಿಮಿಷದ ಹಾರಾಟಕ್ಕೆ, ಗಂಟೆಗೆ 14 ಗ್ಯಾಲನ್‌ನಂತೆ ಸುಮಾರು 30 ಗ್ಯಾಲನ್ ಸಾಕು. ಹೊರಗೆ ಕಾಣದಿದ್ದರೂ ಉಪಕರಣ ನೋಡಿಕೊಂಡು ಹಾರುವ ನಿಯಮದಡಿ ಹೋಗುವಾಗ ಕಾನೂನು ಕೇಳುವ 45 ನಿಮಿಷದ ಮೀಸಲು ಇನ್ನೊಂದು 10, 11 ಗ್ಯಾಲನ್. ಬೇರೆ ಏರ್‌ಪೋರ್ಟ್‌ಗೆ ತಿರುಗಿಸಬೇಕಾದರೆ ಅಂತ ಇನ್ನೊಂದಿಷ್ಟು. 55 ಗ್ಯಾಲನ್ ಹಾಕಿಕೊಂಡು ಹೊರಟರೆ ತುಂಬಿದ ಟ್ಯಾಂಕಿಗಿಂತ 87 ಕೆ.ಜಿ. ಹಗುರ. ಆದರೆ ಈ ತೀರ್ಮಾನ ಇಂಧನ ತುಂಬಿಸುವ ಮುಂಚೆ ಆಗಬೇಕು. ರೋಗಿಯ ನಿಜವಾದ ತೂಕ ಏರ್‌ಪೋರ್ಟ್‌ನಲ್ಲಿ ಗೊತ್ತಾದರೆ, ತುಂಬಿದ ಟ್ಯಾಂಕಿನಿಂದ ಇಂಧನ ಹೊರತೆಗೆಯುವುದು ಸುಲಭದ ಕೆಲಸವಲ್ಲ. ಆಗ ಬ್ಯಾಗು ಉಳಿಯುತ್ತದೆ, ಇಲ್ಲವೇ ಜೊತೆಗಾರರು ಉಳಿಯುತ್ತಾರೆ. ಹಿಂದಿನ ರಾತ್ರಿ ಬಟ್ಟೆ, ಚಪ್ಪಲಿ ಸಮೇತ, ಬ್ಯಾಗು ಹಿಡಿದುಕೊಂಡೇ ಮನೆಯ ತೂಕದ ಯಂತ್ರದ ಮೇಲೆ ನಿಂತು ಬಂದ ಸಂಖ್ಯೆಯನ್ನು ಹಾಗೇ ಹೇಳಿ. ಗಟ್ಟಿ ಚೌಕಟ್ಟಿನ ಸೂಟ್‌ಕೇಸ್ ಬೇಡ, ಮೆತ್ತನೆಯ ಬ್ಯಾಗ್ ಇರಲಿ. ಸಾಮಾನಿನ ಜಾಗದ ಬಾಗಿಲು ಕಿರಿದು.

ಬಿಸಿಲು ಮತ್ತು ಎತ್ತರ ಈ ಲೆಕ್ಕವನ್ನು ಮತ್ತೂ ಬಿಗಿ ಮಾಡುತ್ತವೆ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಏರ್‌ಪೋರ್ಟ್ 7,000 ಅಡಿ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಇದ್ದಾಗ ಅಲ್ಲಿನ ಗಾಳಿ 10,500 ಅಡಿಯಲ್ಲಿ ಇರುವಷ್ಟು ತೆಳುವಾಗಿರುತ್ತದೆ. ಎಂಜಿನ್‌ಗೆ ಶಕ್ತಿ ಸಾಲದು, ರೆಕ್ಕೆಗೆ ಹಿಡಿತ ಸಾಲದು, ರನ್‌ವೇ ಎಷ್ಟು ಉದ್ದವಿದ್ದರೂ ಮೇಲೇರುವ ವೇಗ ಕುಸಿಯುತ್ತದೆ. ಅಂಥ ಊರುಗಳಿಂದ ಬೇಸಿಗೆಯಲ್ಲಿ ಬೆಳಗ್ಗೆ ಏಳಕ್ಕೆ ಹೊರಡೋಣ ಎಂದು ಪೈಲಟ್ ಹೇಳಿದರೆ ಅದಕ್ಕೆ ಒಪ್ಪಿಕೊಳ್ಳಿ.

ಯಾವ ವಿಮಾನ ಬರುತ್ತದೆ ಎಂದು ಮುಂಚೆಯೇ ಕೇಳಿ. ಮಂಡಿ, ಸೊಂಟದ ತೊಂದರೆ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಸೆಸ್ನಾದಲ್ಲಿ ರೆಕ್ಕೆ ಮೇಲಿದೆ, ಎರಡೂ ಕಡೆ ಬಾಗಿಲಿದೆ, ಒಂದು ಮೆಟ್ಟಿಲಿನಷ್ಟು ಹತ್ತಿ ಪಕ್ಕಕ್ಕೆ ಸರಿದು ಕೂರಬಹುದು. ಸಿರಸ್ ಮತ್ತು ಪೈಪರ್ ಚೆರೋಕಿ ಮಾದರಿಗಳಲ್ಲಿ ರೆಕ್ಕೆ ಕೆಳಗಿದೆ. ಹಿಂದಿನಿಂದ ರೆಕ್ಕೆಯ ಮೇಲೆ ಹತ್ತಿ, ಬಾಗಿ, ಒಳಗೆ ಕಾಲಿಟ್ಟು ಇಳಿಯಬೇಕು. ಚೆರೋಕಿಯಲ್ಲಿ ಬಲಗಡೆ ಒಂದೇ ಬಾಗಿಲು, ಹಿಂದಿನ ಸೀಟಿನವರು ಮೊದಲು ನುಸುಳಬೇಕು. ಬೊನಾಂಜಾ ಎ36ರಲ್ಲಿ ಹಿಂಬದಿಗೆ ಎರಡು ಹಲಗೆಯ ಅಗಲ ಬಾಗಿಲಿದೆ, ಕಾಲು ಚಾಚಿ ಕೂರಬೇಕಾದವರಿಗೆ ಅನುಕೂಲ. ಆದರೆ ಭಾರವೆಲ್ಲ ಹಿಂದಕ್ಕೆ ಹೋದರೆ ಆ ವಿಮಾನದ ಸಮತೋಲ ಬೇಗ ಕೆಡುತ್ತದೆ, ಹೀಗಾಗಿ ಯಾರು ಎಲ್ಲಿ ಕೂರಬೇಕು ಎನ್ನುವುದು ಪೈಲಟ್‌ನ ಮಾತು. ಮಗುವಿದ್ದರೆ ಕಾರ್ ಸೀಟ್ ತನ್ನಿ, ವಿಮಾನದಲ್ಲೂ ಬಳಸಬಹುದು ಎಂಬ ಕೆಂಪಕ್ಷರದ ಸಾಲು ಅದರ ಲೇಬಲ್ ಮೇಲೆ ಇದೆಯೇ ನೋಡಿ.

ಒಳಗೆ ಶೌಚಾಲಯವಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅಂದಿನ ಡೋಸನ್ನು ಯಾವಾಗ ತೆಗೆದುಕೊಳ್ಳಬೇಕು ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ವಾಂತಿ ತಡೆಯುವ ಮಾತ್ರೆಯೂ ಅಷ್ಟೇ, ಹೊರಟ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಎಂಜಿನ್ ಸದ್ದು ಜೋರು, ಎಲ್ಲರಿಗೂ ಹೆಡ್‌ಸೆಟ್ ಕೊಡುತ್ತಾರೆ. ತಲೆಗೆ ಶಸ್ತ್ರಚಿಕಿತ್ಸೆಯಾದವರು ಅದರ ಬಿಗಿತದ ಬಗ್ಗೆ ಮೊದಲೇ ಹೇಳಿ.

ಇದಕ್ಕಿಂತ ಮುಖ್ಯವಾದದ್ದು ಗಾಳಿಯ ಒತ್ತಡ. ದೊಡ್ಡ ಜೆಟ್‌ಗಳಂತೆ ಈ ವಿಮಾನಗಳ ಒಳಗೆ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ 9,000 ಅಡಿ ಎಂದರೆ ಒಳಗೂ 9,000 ಅಡಿ. ಸಿಯೆರಾ ನೆವಾಡಾ ಪರ್ವತ ದಾಟಬೇಕಾದರೆ 11,000ದಿಂದ 13,000 ಅಡಿಗೆ ಏರಬೇಕಾಗಬಹುದು. ಅಮೆರಿಕದ ನಿಯಮ ಪ್ರಯಾಣಿಕರಿಗೆ ಆಮ್ಲಜನಕ ಒದಗಿಸಲೇಬೇಕು ಎನ್ನುವುದು 15,000 ಅಡಿಯ ಮೇಲೆ. ಅದು ಆರೋಗ್ಯವಂತರನ್ನು ಲೆಕ್ಕಕ್ಕಿಟ್ಟುಕೊಂಡು ಬರೆದದ್ದು. ಹೀಮೋಗ್ಲೋಬಿನ್ ತೀರ ಇಳಿದವರಿಗೆ, ಶ್ವಾಸಕೋಶ ಅಥವಾ ಹೃದಯದ ಕಾಯಿಲೆ ಇದ್ದವರಿಗೆ 8,000 ಅಡಿಯೇ ಹೆಚ್ಚಾಗಬಹುದು. ವೈದ್ಯರ ಒಪ್ಪಿಗೆ ಪತ್ರಕ್ಕೆ "ವಿಮಾನ ಪ್ರಯಾಣ ಮಾಡಬಹುದು" ಎಂಬ ಒಂದು ಸಾಲು ಸಾಲದು. ಎಷ್ಟು ಎತ್ತರದವರೆಗೆ, ಆಮ್ಲಜನಕ ಇಲ್ಲದೆಯೋ ಇದ್ದೋ ಎಂದು ಬರೆಸಿಕೊಳ್ಳಿ. ದೇಹದೊಳಗೆ ಸಿಕ್ಕಿಕೊಂಡ ಅನಿಲ ಎತ್ತರದಲ್ಲಿ ಹಿಗ್ಗುತ್ತದೆ, 8,000 ಅಡಿಯಲ್ಲಿ ಅದರ ಗಾತ್ರ ಸುಮಾರು ಮೂರನೇ ಒಂದು ಭಾಗ ಹೆಚ್ಚುತ್ತದೆ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟಿದ್ದರೆ ಅದು ಪೂರ್ತಿ ಕರಗುವವರೆಗೆ ಹಾರುವಂತಿಲ್ಲ, ದೃಷ್ಟಿಯೇ ಹೋಗಬಹುದು. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡು ಇತ್ತೀಚೆಗೆ ಗುಣವಾದವರೂ ಕೇಳಿಯೇ ಹೊರಡಬೇಕು. ಕಣ್ಣಾಸ್ಪತ್ರೆಗೆ ಹೋಗುವಾಗ ವಿಮಾನ, ಬರುವಾಗ ಕಾರು ಎಂಬ ಏರ್ಪಾಡು ಕೆಲವರಿಗೆ ಅನಿವಾರ್ಯ.

ಈಗ ಹವಾಮಾನಕ್ಕೆ ಬರೋಣ. ಯುರೇಕಾದವರು ಬಳಸುವ ಆರ್ಕೇಟಾ ಏರ್‌ಪೋರ್ಟ್‌ನ ಮಂಜು ಎಷ್ಟು ಹೆಸರುವಾಸಿ ಎಂದರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಕಟ್ಟಿದ ಅಮೆರಿಕದ ನೌಕಾಪಡೆ ಮಂಜು ಚದುರಿಸುವ ಪ್ರಯೋಗಗಳನ್ನು ಅಲ್ಲೇ ನಡೆಸಿತು. ಬೇಸಿಗೆಯಲ್ಲಿ ಕರಾವಳಿಯುದ್ದಕ್ಕೂ ಸಮುದ್ರದ ಮೋಡ ಬೆಳಗ್ಗೆ ತಗ್ಗಿನಲ್ಲಿ ಹರಡಿಕೊಂಡಿರುತ್ತದೆ, ಹೆಚ್ಚಿನ ದಿನ ಹತ್ತು, ಹನ್ನೊಂದರ ಹೊತ್ತಿಗೆ ಕರಗುತ್ತದೆ. ಚಳಿಗಾಲದಲ್ಲಿ ಸೆಂಟ್ರಲ್ ವ್ಯಾಲಿ ಎಂಬ ಒಳನಾಡಿನ ಕಣಿವೆಯಲ್ಲಿ ನೆಲಕ್ಕಂಟಿ ಹರಡುವ ಟೂಲಿ ಮಂಜು ದಿನಗಟ್ಟಲೆ ಕದಲದೆ ಕೂರಬಹುದು. ಪರ್ವತದ ಮೇಲಿನ ಮೋಡದೊಳಗೆ ಹೊಕ್ಕರೆ ರೆಕ್ಕೆಗೆ ಹಿಮ ಕಟ್ಟುತ್ತದೆ. ಅದನ್ನು ತಡೆಯುವ ಸಲಕರಣೆ ಇಂಥ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ.

ಇದರಿಂದ ರೋಗಿಗೆ ಸಿಗುವ ಪಾಠ ಅಪಾಯಿಂಟ್‌ಮೆಂಟಿನ ಹೊತ್ತಿಗೆ ಸಂಬಂಧಿಸಿದ್ದು. ಬೆಳಗ್ಗೆ ಎಂಟೂವರೆಯ ಅಪಾಯಿಂಟ್‌ಮೆಂಟ್ ಕರಾವಳಿಯವರಿಗೆ ಬೇಡ. ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಕೇಳಿ ಪಡೆಯಿರಿ, ಮಂಜು ಕರಗಲು ಸಮಯ ಸಿಗುತ್ತದೆ. ಚಳಿಗಾಲದಲ್ಲಿ ಐದಕ್ಕೆಲ್ಲ ಕತ್ತಲಾಗುತ್ತದೆ, ಎಷ್ಟೋ ಪೈಲಟ್‌ಗಳು ರಾತ್ರಿ ಪರ್ವತದ ಮೇಲೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವುದಿಲ್ಲ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಆಸ್ಪತ್ರೆಯೂರಿನಲ್ಲಿ ಒಂದು ರಾತ್ರಿ ತಂಗುವ ಲೆಕ್ಕವಿಟ್ಟುಕೊಳ್ಳಬೇಕು. ಪೈಲಟ್ ಹಿಂದಿನ ಸಂಜೆ ಫೋನ್ ಮಾಡಿ ಸ್ಥಿತಿ ಹೇಳುತ್ತಾರೆ, ಕೊನೆಯ ಮಾತು ಬೆಳಗ್ಗೆ ಬರುತ್ತದೆ. ಹಿಂದಿನ ದಿನವೇ ಬದಲಿ ದಾರಿ ಗೊತ್ತುಮಾಡಿಕೊಂಡಿರಬೇಕು: ಕಾರು ಓಡಿಸಬಲ್ಲ ನೆಂಟರು, ಬಸ್ಸು, ಅಥವಾ ಅಪಾಯಿಂಟ್‌ಮೆಂಟನ್ನು ಎರಡು ದಿನ ಮುಂದೂಡಲು ಆಸ್ಪತ್ರೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ಹೆಸರು. ದಿನ ತಪ್ಪಿಸಲೇಬಾರದ ರೇಡಿಯೇಶನ್ ಸರಣಿ ಅಥವಾ ಶಸ್ತ್ರಚಿಕಿತ್ಸೆ ಇದ್ದರೆ ಒಂದು ದಿನ ಮುಂಚೆಯೇ ಹಾರಿ. ಅಂಗ ಕಸಿಯ ಕರೆ ಬಂದಾಗ ಗಂಟೆಗಳಲ್ಲಿ ತಲುಪಬೇಕಾದವರು ಇದೊಂದನ್ನೇ ನಂಬಿ ಕೂರಬಾರದು.

ಪಾಲೊ ಆಲ್ಟೊದ ರನ್‌ವೇ 2,443 ಅಡಿ ಮಾತ್ರ. ಮೋಡ ತಗ್ಗಿದ್ದರೆ ಪೈಲಟ್ ಸ್ಯಾನ್ ಹೊಸೆಗೋ ಇನ್ನೊಂದು ಕಡೆಗೋ ತಿರುಗಬಹುದು. ಕಾರು ತೆಗೆದುಕೊಂಡು ಕಾಯುತ್ತಿರುವವರ ಫೋನ್ ನಂಬರ್ ಪೈಲಟ್ ಹತ್ತಿರ ಇರಬೇಕು, ಪೈಲಟ್‌ನದು ಅವರ ಹತ್ತಿರ ಇರಬೇಕು. ಸಣ್ಣ ಸಂಗತಿ, ಆದರೆ ನಿಶ್ಶಕ್ತರಾದವರನ್ನು ಗಂಟೆಗಟ್ಟಲೆ ಕಾಯಿಸುವುದು ಇದೇ.

ಸುರಕ್ಷತೆಯ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈ ಹಾರಾಟಗಳು ಖಾಸಗಿ ಹಾರಾಟದ ನಿಯಮದಡಿ ನಡೆಯುತ್ತವೆ. ಏರ್‌ಲೈನ್‌ಗೆ ಇರುವಷ್ಟು ಕಟ್ಟುಪಾಡು ಇಲ್ಲಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಪೈಲಟ್ 90 ದಿನದಲ್ಲಿ ಮೂರು ಸಲ ಹಾರಿ ಇಳಿದಿದ್ದರೆ ಅಮೆರಿಕದ ಕಾನೂನಿಗೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಸಂಸ್ಥೆಗಳೇ ತಮ್ಮ ಪೈಲಟ್‌ಗಳಿಂದ ಕೇಳುತ್ತವೆ, ಕೇಳಬೇಕು ಕೂಡ. ಇಂಥ ಹಾರಾಟಗಳ ಅಪಘಾತಗಳನ್ನು ಪರಿಶೀಲಿಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ, ಇದು ವಾಣಿಜ್ಯ ವಿಮಾನದ ಮಟ್ಟದ ನಿಯಮಗಳಡಿ ನಡೆಯುವುದಿಲ್ಲ ಎಂದು ರೋಗಿಗೆ ಮೊದಲೇ ತಿಳಿಸಬೇಕೆಂದು ಶಿಫಾರಸು ಮಾಡಿತು.

ಆಸ್ಟ್ರೇಲಿಯಾದ ಅನುಭವ ಇನ್ನೂ ಕಣ್ತೆರೆಸುವಂಥದ್ದು. ಅಲ್ಲಿ 2003ರಿಂದ ನಡೆಯುತ್ತಿರುವ ಏಂಜಲ್ ಫ್ಲೈಟ್ ಬೇರೆಯದೇ ಸಂಸ್ಥೆ, ಕೆಲಸ ಇದೇ. 2011ರ ಆಗಸ್ಟ್‌ನಲ್ಲಿ ವಿಕ್ಟೋರಿಯಾದ ಹಾರ್ಶಮ್ ಬಳಿ, 2017ರ ಜೂನ್‌ನಲ್ಲಿ ಮೌಂಟ್ ಗ್ಯಾಂಬಿಯರ್‌ನಲ್ಲಿ ವಿಮಾನ ಬಿದ್ದು, ಎರಡೂ ಸಲ ಪೈಲಟ್ ಮತ್ತು ಇಬ್ಬರು ಪ್ರಯಾಣಿಕರು ತೀರಿಕೊಂಡರು. ಎರಡರಲ್ಲೂ ಎಂಜಿನ್ ಕೆಟ್ಟಿರಲಿಲ್ಲ. ತಗ್ಗಿದ ಮೋಡ, ಕುಗ್ಗಿದ ಬೆಳಕು, ನೆಲ ಕಂಡು ಹಾರಬೇಕಾದ ಪೈಲಟ್‌ಗೆ ಹೊರಗಿನದೇನೂ ಕಾಣದೆ ಹಿಡಿತ ತಪ್ಪಿದ್ದು. ಅಲ್ಲಿನ ಸಾರಿಗೆ ಅಪಘಾತಗಳ ತನಿಖಾ ಸಂಸ್ಥೆಯ 2019ರ ವರದಿಯ ಪ್ರಕಾರ ಇಂಥ ಸೇವಾ ಹಾರಾಟಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಉಳಿದ ಖಾಸಗಿ ಹಾರಾಟಗಳದ್ದಕ್ಕಿಂತ ಏಳು ಪಟ್ಟಿಗೂ ಹೆಚ್ಚು. ಅದೇ ವರ್ಷ ಮಾರ್ಚ್‌ನಲ್ಲಿ ಅಲ್ಲಿನ ವಿಮಾನಯಾನ ಪ್ರಾಧಿಕಾರ ಪೈಲಟ್‌ನ ಹಾರಾಟದ ಅನುಭವ, ಇತ್ತೀಚಿನ ಅಭ್ಯಾಸ, ವಿಮಾನದ ತಪಾಸಣೆ, ರಾತ್ರಿ ಹಾರಾಟ ಇವಕ್ಕೆಲ್ಲ ಷರತ್ತು ಹಾಕಿತು.

ರೋಗಿ ಕಾಯುತ್ತಿದ್ದಾರೆ ಎನ್ನುವ ಅರಿವೇ ಪೈಲಟ್‌ನ ಮೇಲೆ ಒತ್ತಡ. ತನ್ನೊಬ್ಬನದೇ ಪ್ರಯಾಣವಾಗಿದ್ದರೆ ಹೊರಡದ ದಿನ, "ಪಾಪ, ಅವರಿಗೆ ಅಪಾಯಿಂಟ್‌ಮೆಂಟ್ ಇದೆ" ಎಂದು ಹೊರಡುವ ಮನಸ್ಸಾಗುತ್ತದೆ. ಆದ್ದರಿಂದ ರೋಗಿಯ ಕಡೆಯವರು ಈ ಒಂದು ಮಾತನ್ನು ಫೋನಿನಲ್ಲಿ ಮೊದಲೇ ಹೇಳಿಬಿಡಬೇಕು: "ನಮಗೆ ಬೇರೆ ವ್ಯವಸ್ಥೆ ಇದೆ, ನಿಮಗೆ ಸರಿ ಕಂಡರೆ ಮಾತ್ರ ಹೊರಡೋಣ." "ಇದು ತಪ್ಪಿದರೆ ಇನ್ನು ಮೂರು ತಿಂಗಳು ಡೇಟ್ ಇಲ್ಲ" ಎಂದು ಹೇಳುವುದು, ನಿಜವಿದ್ದರೂ, ಪೈಲಟ್‌ಗಲ್ಲ, ಆಸ್ಪತ್ರೆಗೆ. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಅರ್ಹತೆ ಇದೆಯೇ, ಇದೇ ವಿಮಾನವನ್ನು ಇತ್ತೀಚೆಗೆ ಯಾವಾಗ ಹಾರಿಸಿದ್ದು ಎಂದು ಪೈಲಟ್‌ನನ್ನು ಕೇಳುವುದು ಅಗೌರವವಲ್ಲ. ಒಳ್ಳೆಯ ಪೈಲಟ್ ಈ ಪ್ರಶ್ನೆಗೆ ಖುಷಿಯಿಂದಲೇ ಉತ್ತರಿಸುತ್ತಾರೆ.

ಹಾರಾಟದ ವೇಳೆ ರೇಡಿಯೋದಲ್ಲಿ ಇಂಥ ವಿಮಾನಗಳು ಕಂಪ್ಯಾಶನ್ ಎಂಬ ಕರೆಹೆಸರು ಬಳಸಬಹುದು. ತುರ್ತಿನ ರೋಗಿಗಳನ್ನು ಸಾಗಿಸುವ ಮೆಡೆವ್ಯಾಕ್ ವಿಮಾನಗಳಿಗೆ ಸಿಗುವ ಆದ್ಯತೆ ಇದರಿಂದ ತಾನಾಗಿ ಸಿಗುವುದಿಲ್ಲ.

ಪೈಲಟ್‌ಗೆ ದುಡ್ಡು ಕೊಡಬೇಡಿ, ಪೆಟ್ರೋಲ್ ಖರ್ಚಿಗೆ ಅಂತಲೂ ಬೇಡ. ಖಾಸಗಿ ಲೈಸೆನ್ಸ್ ಇರುವವರು ಪ್ರಯಾಣಿಕರನ್ನು ಸಾಗಿಸಿ ಹಣ ಪಡೆಯುವಂತಿಲ್ಲ, ನಿಮ್ಮ ಕೃತಜ್ಞತೆ ಅವರನ್ನು ತೊಂದರೆಗೆ ಸಿಲುಕಿಸಬಹುದು. ಅವರ ಖರ್ಚು ಎಷ್ಟು ಎಂದು ತಿಳಿದಿರಲಿ: ತನ್ನೂರಿನಿಂದ ರೋಗಿಯ ಊರಿಗೆ, ಅಲ್ಲಿಂದ ಆಸ್ಪತ್ರೆಯೂರಿಗೆ, ಮತ್ತೆ ಮನೆಗೆ, ಒಟ್ಟು ಐದು ಗಂಟೆ ಹಾರಿದರೆ 70 ಗ್ಯಾಲನ್. ಗ್ಯಾಲನ್‌ಗೆ 6 ಡಾಲರ್ ಹಿಡಿದರೂ ಇಂಧನಕ್ಕೇ 420 ಡಾಲರ್. ಸೇವಾ ಸಂಸ್ಥೆಗಳು ಪೈಲಟ್‌ಗೆ ಇಂಧನದ ವೆಚ್ಚ ಮರಳಿಸಲು 2012ರ ಕಾನೂನು ಅವಕಾಶ ಕೊಟ್ಟಿದೆ, ಆದರೂ ಇಲ್ಲಿನ ರೂಢಿ ಪೈಲಟ್‌ಗಳೇ ಭರಿಸುವುದು. ಕೊಡಲೇಬೇಕು ಅನಿಸಿದರೆ ಸಂಸ್ಥೆಗೆ ದೇಣಿಗೆ ಕೊಡಿ.

ನೆಲದ ಮೇಲಿನ ಕೆಲಸಕ್ಕೆ ಬರುವ ಸ್ವಯಂಸೇವಕರಿಗೆ ಅರ್ತ್ ಏಂಜಲ್ಸ್ ಎನ್ನುತ್ತಾರೆ. ಏರ್‌ಪೋರ್ಟ್‌ನಿಂದ ಆಸ್ಪತ್ರೆಗೆ ಕಾರಿನಲ್ಲಿ ಬಿಡುವುದು ಅವರ ಕೆಲಸ. ರೋಟರಿ, ಲಯನ್ಸ್ ಕ್ಲಬ್ ಸದಸ್ಯರು ಹೊಂದಿಕೊಳ್ಳುವ ಜಾಗ ಇದು: ಊರು ಗೊತ್ತು, ಕಾರಿದೆ, ವಾರದ ದಿನ ಬಿಡುವಿರುವ ನಿವೃತ್ತರಿದ್ದಾರೆ. ಸ್ಯಾನ್ ಹೊಸೆ, ಪಾಲೊ ಆಲ್ಟೊ ಸುತ್ತ ನೆಲೆಸಿರುವ ಕನ್ನಡಿಗರಿಗೂ ಇಲ್ಲಿ ಕೈಜೋಡಿಸಲು ಪೈಲಟ್ ಆಗಿರಬೇಕಾಗಿಲ್ಲ. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಬಿಡಿಸಬೇಕು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಕಾಯಿಲೆಯಾದಾಗ ಅವರನ್ನು ಬೆಂಗಳೂರಿಗೆ ಕಳಿಸಲು ಇವರು ನೆರವಾಗುತ್ತಾರೆಯೇ ಎಂದು ಕೇಳಿದರೆ, ಇಲ್ಲ. ಇದು ಪ್ರಾದೇಶಿಕ ಸೇವೆ, ವಿಮಾನದ ವ್ಯಾಪ್ತಿಯೂ ಅಷ್ಟೇ.

ರೋಗಿಯನ್ನು ವೈದ್ಯರ ಬಳಿಗೆ ಒಯ್ಯುವ ಬದಲು ವೈದ್ಯರನ್ನೇ ರೋಗಿಯ ಬಳಿಗೆ ಒಯ್ಯುವ ತಂಡಗಳೂ ಇದೇ ಕ್ಯಾಲಿಫೋರ್ನಿಯಾದಲ್ಲಿವೆ. 1934ರಷ್ಟು ಹಳೆಯದಾದ ಲೀಗಾ ಇಂಟರ್‌ನ್ಯಾಶನಲ್ ಅಕ್ಟೋಬರ್‌ನಿಂದ ಜೂನ್‌ವರೆಗೆ ತಿಂಗಳ ಮೊದಲ ವಾರಾಂತ್ಯ ಮೆಕ್ಸಿಕೋದ ಸಿನಲೋವಾ ರಾಜ್ಯದಲ್ಲಿ ಚಿಕಿತ್ಸಾ ಶಿಬಿರ ನಡೆಸುತ್ತದೆ. 1961ರಲ್ಲಿ ಶುರುವಾದ ಫ್ಲೈಯಿಂಗ್ ಸಮಾರಿಟನ್ಸ್ ಬಾಹಾ ಕ್ಯಾಲಿಫೋರ್ನಿಯಾದ ಊರುಗಳಿಗೆ ಹೋಗುತ್ತದೆ. ಧೂಳು ಬಿರುಗಾಳಿಗೆ ಸಿಕ್ಕಿದ ಪೈಲಟ್‌ಗಳು ಎಲ್ ರೊಸಾರಿಯೊ ಎಂಬ ಹಳ್ಳಿಯಲ್ಲಿ ಇಳಿದು, ಆ ಜನರ ಉಪಚಾರ ಕಂಡು, ಮುಂದೆ ಅವರಿಗಾಗಿ ಬಟ್ಟೆಬರೆ ಹೊತ್ತು ಮತ್ತೆ ಅದೇ ಹಳ್ಳಿಗೆ ಹೋದದ್ದು ಅದರ ಮೂಲ. ಇಲ್ಲಿನ ತೊಡಕುಗಳು ಬೇರೆ. ಗಡಿ ದಾಟುವ ಮುಂಚೆ ಪ್ರಯಾಣಿಕರ ಪಟ್ಟಿಯನ್ನು ಅಮೆರಿಕದ ಗಡಿ ಇಲಾಖೆಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು, ಮೆಕ್ಸಿಕೋದಲ್ಲಿ ಸಲ್ಲುವ ವಿಮೆ ಬೇಕು, ನೆಲ ಕಂಡು ಹಾರುವವರು ಅಲ್ಲಿ ಕತ್ತಲಾಗುವ ಮುಂಚೆ ಇಳಿದಿರಲೇಬೇಕು. ಅವಧಿ ಮುಗಿದ ಔಷಧಿಯ ಪೆಟ್ಟಿಗೆಯೊಂದು ಸಿಕ್ಕಿದರೆ ಇಡೀ ತಂಡ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು.

ಇಂಥ ಶಿಬಿರಗಳಿಗೆ ಹಳೆಯ ಕನ್ನಡಕ ಕೊಡಲು ಜನ ಮುಂದೆ ಬರುತ್ತಾರೆ. ಚೀಲದಲ್ಲಿ ಸುರಿದು ತಂದ ಕನ್ನಡಕದಿಂದ ಏನೂ ಆಗದು. ಲಯನ್ಸ್ ಕ್ಲಬ್‌ಗಳ ಮರುಬಳಕೆ ಕೇಂದ್ರಗಳಲ್ಲಿ ಮಾಡುವಂತೆ ತೊಳೆದು, ಲೆನ್ಸ್‌ಮೀಟರಿನಲ್ಲಿ ಎರಡೂ ಕಣ್ಣಿನ ಪವರ್ ಅಳೆದು, ಚೀಟಿ ಅಂಟಿಸಿ, ಕ್ರಮವಾಗಿ ಜೋಡಿಸಿದ್ದರೆ ಮಾತ್ರ ಶಿಬಿರದಲ್ಲಿ ಒಬ್ಬರಿಗೆ ಒಗ್ಗುವ ಜೋಡಿ ಐದು ನಿಮಿಷದಲ್ಲಿ ಸಿಗುತ್ತದೆ. ವಿಕೋಪದ ಸಾಮಗ್ರಿಗೂ ಇದೇ ಮಾತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲಿನಾದ ಪಶ್ಚಿಮ ಭಾಗದ ರಸ್ತೆಗಳನ್ನು ಕಡಿದಾಗ ಆಪರೇಷನ್ ಏರ್‌ಡ್ರಾಪ್‌ನ ಸ್ವಯಂಸೇವಕ ಪೈಲಟ್‌ಗಳು ಅದೇ ರಾಜ್ಯದ ಕಾಂಕರ್ಡ್ ಊರಿನಿಂದ ಸಾಮಾನು ಹೊತ್ತು ಹಾರಿದರು. ಸಣ್ಣ ವಿಮಾನಕ್ಕೆ ಇನ್ಸುಲಿನ್, ಹಾಲಿನ ಪುಡಿ, ಡಯಾಪರ್ ಸರಿ. ನೀರಿನ ಕ್ರೇಟು ಲೀಟರಿಗೆ ಒಂದು ಕಿಲೋ ನುಂಗುತ್ತದೆ. ಪೆಟ್ಟಿಗೆ ಒಬ್ಬರು ಎತ್ತುವಷ್ಟಿರಬೇಕು, ತೂಕವನ್ನು ಅದರ ಮೇಲೇ ದಪ್ಪಕ್ಷರದಲ್ಲಿ ಬರೆದಿರಬೇಕು, ವಿಮಾನದೊಳಗೆ ಬಲೆ ಹಾಕಿ ಬಿಗಿದಿರಬೇಕು. ಟೇಕಾಫ್ ವೇಳೆ ಹಿಂದಕ್ಕೆ ಜಾರುವ ಒಂದು ಪೆಟ್ಟಿಗೆ ವಿಮಾನದ ಮೂಗನ್ನು ಮೇಲೆತ್ತಿ ಕೆಡವಬಲ್ಲದು.

ಕೊನೆಯದಾಗಿ ವಾಪಸಾತಿ. ಅರ್ಜಿ ಹಾಕುವಾಗ ಹೋಗುವ ಪ್ರಯಾಣದ ಮೇಲೇ ಗಮನವಿರುತ್ತದೆ. ಬರುವ ಪ್ರಯಾಣ ಸಾಮಾನ್ಯವಾಗಿ ಬೇರೆ ಪೈಲಟ್, ಬೇರೆ ವಿಮಾನ, ಬೇರೆ ತೂಕದ ಲೆಕ್ಕ. ಆಸ್ಪತ್ರೆಯ ಡಿಸ್ಚಾರ್ಜ್ ಹೇಳಿದ ಹೊತ್ತಿಗೆ ಆಗುವುದು ಅಪರೂಪ: ರಕ್ತ ಪರೀಕ್ಷೆಯ ಫಲಿತಾಂಶ ತಡವಾಗುತ್ತದೆ, ಔಷಧಿ ಕೌಂಟರಿನಲ್ಲಿ ಒಂದು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಪೈಲಟ್‌ಗೆ ಉಳಿದ ಬೆಳಕು ಮುಗಿಯುತ್ತದೆ. ಡಿಸ್ಚಾರ್ಜ್ ಆದ ದಿನವೇ ಹಾರುವ ಬದಲು ಮರುದಿನ ಬೆಳಗಿನ ಹೊತ್ತಿಗೆ ಕೇಳಿಕೊಳ್ಳಿ, ಆ ರಾತ್ರಿಯ ವಸತಿಗೆ ಆಸ್ಪತ್ರೆಯ ಸೋಷಿಯಲ್ ವರ್ಕರ್‌ರನ್ನು ದಾಖಲಾದ ದಿನವೇ ಕಾಣಿ. ಚಿಕಿತ್ಸೆಯಿಂದ ಸ್ಥಿತಿ ಬದಲಾಗಿದ್ದರೆ, ಹೊಸದಾಗಿ ಆಮ್ಲಜನಕ ಹಚ್ಚಿದ್ದರೆ, ಹೊಲಿಗೆ ಹಾಕಿದ್ದರೆ, ಮೊದಲಿನ ವೈದ್ಯಕೀಯ ಒಪ್ಪಿಗೆ ಸಾಲದು. ಹೊಸ ಪತ್ರವನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬರೆಸಿಕೊಂಡು ಕೋಆರ್ಡಿನೇಟರ್‌ಗೆ ಕಳಿಸಿ.